ಮಗು ಹೇಳಲು ಬಂದಾಗ ನಮ್ಮ ಮೊದಲ ಮಾತು

(ಮಠದ ಪ್ರಸಾದ ನಿಲಯದ ವಿದ್ಯಾರ್ಥಿಗಳು ಹಾಗೂ ಅವರ ಪಾಲಕರಿಗಾಗಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

"ಮಕ್ಕಳ ಮೊಬೈಲ್ ವಿಷಯ ಮಾತಾಡಬೇಕು ತಾಯಿ, ಪಾಲಕರು ಬಹಳ ಕೇಳುತ್ತಿದ್ದಾರೆ" ಎಂದು ಪೂಜ್ಯರು ಅಪ್ಪಣೆ ಮಾಡಿದರು. ನಾನು ಕಂಪ್ಯೂಟರ್ ಬಲ್ಲವಳಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವಳು. ನನ್ನ ಮೊಮ್ಮಗಳಿಗೆ ಗೊತ್ತಿರುವಷ್ಟು ಫೋನ್ ನನಗೆ ಗೊತ್ತಿಲ್ಲ. ಆದರೂ ಒಪ್ಪಿಕೊಂಡೆ. ಯಾಕೆಂದರೆ ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಹತ್ತು ಜನರ ಮುಂದೆ ಹೇಳಿದರೆ ಇನ್ನೊಬ್ಬರು ಅದೇ ತಪ್ಪು ಮಾಡುವುದು ತಪ್ಪೀತು ಎಂಬ ಆಸೆಯಿಂದ ಬಂದಿದ್ದೇನೆ.

ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ನಮ್ಮ ಮಕ್ಕಳ ಕೈಗೆ ಫೋನ್ ಬಂತು. ಪಾಠ ಮುಗಿದು ಶಾಲೆ ತೆರೆಯಿತು, ಫೋನ್ ಮಾತ್ರ ಕೈಯಲ್ಲೇ ಉಳಿಯಿತು. ಅದಾದ ಮೇಲಿನ ಒಂದು ವರ್ಷದ ಮಾತು. ಸಂಜೆ ಕೊನೆಯ ಗಂಟೆ ಹೊಡೆದಿತ್ತು. ನಾನು ಸ್ಟಾಫ್ ರೂಮಿನಲ್ಲಿ ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತ. ಜಾಣ ಹುಡುಗ, ಸೌಮ್ಯ.

"ಅಕ್ಕೋರ, ನಿಮ್ಮ ಕೂಡ ಒಂದು ಮಾತು ಆಡೂದೈತ್ರಿ."

"ಏನಪಾ?"

"ಮೊಬೈಲ್‌ದಾಗ ಒಬ್ರು ತ್ರಾಸ್ ಕೊಡಾಕತ್ತಾರ್ರಿ."

ನಾನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಮೊದಲ ಹೇಳಿದ್ನಿಲ್ಲೊ, ಮೊಬೈಲ್ ಬಿಡ್ರಿ, ಪುಸ್ತಕ ಹಿಡೀರಿ ಅಂತ? ಪರೀಕ್ಷಾ ಹತ್ರ ಬಂತು. ಹೋಗು, ಓದ್ಕೋ ಹೋಗು" ಎಂದೆ.

"ಹೂಂ ರೀ" ಎಂದು ಹೋದ. ಅವನು ಎಷ್ಟು ಹೊತ್ತು ಬಾಗಿಲ ಹೊರಗೆ ನಿಂತು ಧೈರ್ಯ ತಂದುಕೊಂಡು ಒಳಗೆ ಬಂದಿದ್ದನೋ ಏನೋ. ನಾನು ಕೊಟ್ಟ ಸಮಯ ಅರ್ಧ ನಿಮಿಷ.

ಮೂರು ವಾರ ಕಳೆದ ಮೇಲೆ ಅವನ ಅಕ್ಕ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಳು. ಹುಡುಗ ನಾಲ್ಕು ದಿನದಿಂದ ಶಾಲೆಗೆ ಬಂದಿರಲಿಲ್ಲ, ಊಟ ಬಿಟ್ಟಿದ್ದ. ಅವರವ್ವ ಸ್ವಸಹಾಯ ಸಂಘದ ಪ್ರತಿನಿಧಿ. ಸಂಘದ ಕಂತಿನ ಹಣ ಡಬ್ಬಿಯಲ್ಲಿ ಇಟ್ಟಿದ್ದರು, ಅದರಲ್ಲಿ ಒಂಬತ್ತು ಸಾವಿರ ಇರಲಿಲ್ಲ. ಅವರಪ್ಪ "ರೊಕ್ಕ ಏನ ಮಾಡ್ದಿ?" ಎಂದು ಕೇಳಿ ಹೊಡೆದಿದ್ದರು. ಅವನು ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಕಳ್ಳ ಅನ್ನಿಸಿಕೊಳ್ಳಲು ಸಿದ್ಧನಿದ್ದ, ನಡೆದದ್ದನ್ನು ಹೇಳಲು ಸಿದ್ಧನಿರಲಿಲ್ಲ. ಅಕ್ಕ ರಾತ್ರಿ ಅವನ ಫೋನ್ ತೆಗೆದು ನೋಡಿದಾಗ ಗೊತ್ತಾಯಿತು.

ನಡೆದದ್ದು ಇಷ್ಟು. ಒಂದು ಹುಡುಗಿಯ ಹೆಸರಿನಿಂದ ಫ್ರೆಂಡ್ ರಿಕ್ವೆಸ್ಟ್ ಬಂತು. ಚೆಂದದ ಫೋಟೊ, ನಾಲ್ಕಾರು ಮಂದಿ ಪರಿಚಿತ ಗೆಳೆಯರೂ ಆ ಖಾತೆಯಲ್ಲಿದ್ದರು. ಎರಡು ದಿನ ಸಿಹಿ ಮಾತು. ಮೂರನೆಯ ರಾತ್ರಿ ವಿಡಿಯೊ ಕರೆ. ಆ ಕಡೆ ಕಂಡದ್ದು ಮೊದಲೇ ಚಿತ್ರಿಸಿಟ್ಟ ವಿಡಿಯೊ, ಇವನಿಗೆ ಅದು ತಿಳಿಯಲಿಲ್ಲ. ಹದಿನಾರು ವರ್ಷದ ಹುಡುಗ, ಹೇಳಿದಂತೆ ಕೇಳಿದ. ಐದು ನಿಮಿಷದಲ್ಲಿ ಅವನದೇ ಚಿತ್ರ ಅವನಿಗೆ ವಾಪಸ್ ಬಂತು. ಜೊತೆಗೆ ಅವನ ಮಾವ, ಅಕ್ಕ, ತರಗತಿಯ ಗೆಳೆಯರ ಹೆಸರುಗಳ ಪಟ್ಟಿ. "ಹಣ ಕಳಿಸು, ಇಲ್ಲವಾದರೆ ಇವರೆಲ್ಲರಿಗೂ ಹೋಗುತ್ತದೆ." ಮೊದಲು ಎರಡು ಸಾವಿರ. ಅಂಗಡಿಯವನಿಗೆ ನಗದು ಕೊಟ್ಟು ಅವನ ಫೋನಿನಿಂದ ಕಳಿಸಿದ. ಮರುದಿನ ಮೂರು ಸಾವಿರ. ಆಮೇಲೆ ನಾಲ್ಕು. ನನ್ನ ಬಾಗಿಲಿಗೆ ಬಂದದ್ದು ಮೊದಲನೆಯ ಕಂತು ಕೊಟ್ಟ ಮರುದಿನ. ಅಂದು ನಾನು ಪೆನ್ನು ಕೆಳಗಿಟ್ಟು "ಕೂಡಪಾ" ಎಂದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಈ ಸಂಗತಿಯನ್ನು ಆ ಹುಡುಗನನ್ನು ಕೇಳಿ, ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೇಳುತ್ತಿದ್ದೇನೆ.

ಶರಣಬಂಧುಗಳೇ, ಈ ದಂಧೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡೋಣ. ಮೋಸಗಾರನ ಹತ್ತಿರ ಇರುವುದು ಒಂದು ಚಿತ್ರ. ಅದನ್ನು ಹಂಚಿದರೆ ಅವನಿಗೆ ನಯಾಪೈಸೆ ಸಿಗುವುದಿಲ್ಲ. ಹಂಚುತ್ತೇನೆ ಎಂಬ ಹೆದರಿಕೆಯಿಂದ ಮಾತ್ರ ಹಣ ಬರುತ್ತದೆ. ಆ ಹೆದರಿಕೆ ನಿಂತಿರುವುದು ಯಾವುದರ ಮೇಲೆ? ಮನೆಯವರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು ಎಂದು ಮಗು ನಂಬಿರುವುದರ ಮೇಲೆ. ಅಂದರೆ ಅವನ ಬಂಡವಾಳ ಆ ಚಿತ್ರವಲ್ಲ, ನಮ್ಮ ಸಿಟ್ಟು. ನಮ್ಮ ಮನೆಯ ಸಿಟ್ಟನ್ನು ಬಂಡವಾಳ ಮಾಡಿಕೊಂಡು ಎಲ್ಲೋ ಕುಳಿತವನು ವ್ಯಾಪಾರ ಮಾಡುತ್ತಿದ್ದಾನೆ. ಮಗು ಒಬ್ಬ ಹಿರಿಯರಿಗೆ ಹೇಳಿದ ಕ್ಷಣಕ್ಕೆ ಆ ವ್ಯಾಪಾರದ ಅರ್ಧ ಬಲ ಹೋಯಿತು.

ಇನ್ನೊಂದು ಅವಸರ. ಮೋಸಗಾರ ಯೋಚಿಸಲು ಸಮಯ ಕೊಡುವುದಿಲ್ಲ. "ಹತ್ತು ನಿಮಿಷ, ಐದು ನಿಮಿಷ" ಎಂದು ಎಣಿಸುತ್ತಾನೆ. ರಾತ್ರಿ ಹೊತ್ತನ್ನೇ ಆರಿಸಿಕೊಳ್ಳುತ್ತಾನೆ, ಮನೆಯವರು ಮಲಗಿರುತ್ತಾರೆ ಎಂದು. 2022ರ ಮಾರ್ಚ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 17 ವರ್ಷದ ಶಾಲಾ ಹುಡುಗನೊಬ್ಬನಿಗೆ ಹೀಗೇ ಹುಡುಗಿಯ ಹೆಸರಿನ ಖಾತೆಯಿಂದ ಸಂದೇಶ ಬಂತು. ಆ ಖಾತೆಯ ಹಿಂದೆ ಇದ್ದವರು ಸಾವಿರಾರು ಮೈಲಿ ದೂರದ ನೈಜೀರಿಯಾದಲ್ಲಿದ್ದ ಇಬ್ಬರು ಸಹೋದರರು. ಹುಡುಗ ಹಣವನ್ನೂ ಕೊಟ್ಟ, ಮತ್ತೆ ಕೇಳಿದರು. ಮೊದಲ ಮಾತಿನಿಂದ ಆ ಹುಡುಗ ಪ್ರಾಣ ಕಳೆದುಕೊಳ್ಳುವವರೆಗೆ ಆರು ಗಂಟೆಯೂ ಹಿಡಿಯಲಿಲ್ಲ. ಅಪ್ಪ ಅದೇ ಮನೆಯಲ್ಲಿದ್ದರು. ಆ ಸಹೋದರರನ್ನು ಅಮೆರಿಕಕ್ಕೆ ಕರೆತಂದು, 2024ರ ಸೆಪ್ಟೆಂಬರ್‌ನಲ್ಲಿ ತಲಾ ಹದಿನೇಳೂವರೆ ವರ್ಷ ಜೈಲು ಶಿಕ್ಷೆ ಕೊಟ್ಟರು. ಶಿಕ್ಷೆಯಾಯಿತು, ಮಗ ಮರಳಿ ಬರಲಿಲ್ಲ. ದೂರದ ದೇಶದ ಮಾತನ್ನು ಇಲ್ಲಿ ಯಾಕೆ ಹೇಳಿದೆ ಎಂದರೆ ಎರಡೂ ಮನೆಗಳಲ್ಲಿ ಆದದ್ದು ಒಂದೇ. ಗೋಡೆಯ ಆಚೆ ಮಲಗಿದ್ದವರನ್ನು ಎಬ್ಬಿಸಲು ಮಗುವಿಗೆ ಧೈರ್ಯ ಬರಲಿಲ್ಲ.

ಮಕ್ಕಳೇ, ಈಗ ನಿಮ್ಮ ಕೂಡ ಮಾತು. ಇಂಥದ್ದು ನಿಮಗೆ ಆದರೆ ಏನು ಮಾಡಬೇಕು, ನೆನಪಿಟ್ಟುಕೊಳ್ಳಿ.

ಮೊದಲನೆಯದು, ಹಣ ಕೊಡಬೇಡಿ. ಕೊಟ್ಟರೆ ಮುಗಿಯುತ್ತದೆ ಎಂದು ಅನ್ನಿಸುತ್ತದೆ. ಈ ಮನೆಯಲ್ಲಿ ಹಣ ಹುಟ್ಟುತ್ತದೆ ಎಂದು ಅವನಿಗೆ ಗೊತ್ತಾಗುವುದು ಆಗಲೇ. ಈಗಾಗಲೇ ಕೊಟ್ಟಿದ್ದರೂ ಇವತ್ತಿಗೆ ನಿಲ್ಲಿಸಿ.

ಎರಡನೆಯದು, ಹೆದರಿ ಎಲ್ಲ ಅಳಿಸಿಹಾಕಬೇಡಿ. ಬೆದರಿಕೆಯ ಸಂದೇಶ, ಆ ಖಾತೆಯ ಹೆಸರು, ಫೋನ್ ನಂಬರ್, ಹಣ ಕಳಿಸಿದ್ದರೆ ಅದರ ವಿವರ, ಇವುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿ, ಉತ್ತರ ಕೊಡಬೇಡಿ, ಬೇಡಿಕೊಳ್ಳಬೇಡಿ. ಆ ಚಿತ್ರವನ್ನು ಮಾತ್ರ "ನೋಡು ಏನಾಗೇತಿ" ಎಂದು ಯಾವ ಗೆಳೆಯನಿಗೂ ಕಳಿಸಬೇಡಿ.

ಮೂರನೆಯದು, ಒಬ್ಬ ಹಿರಿಯರಿಗೆ ಹೇಳಿ. ರಾತ್ರಿ ಒಂದು ಗಂಟೆಯಾಗಿದ್ದರೂ ಎಬ್ಬಿಸಿ ಹೇಳಿ. ಅಪ್ಪನಿಗೆ ಹೇಳಲು ಹೆದರಿಕೆಯಾದರೆ ಅವ್ವನಿಗೆ. ಅವ್ವನಿಗೂ ಆಗದಿದ್ದರೆ ಅಕ್ಕನಿಗೆ, ಸೋದರಮಾವನಿಗೆ, ನಿಲಯಪಾಲಕರಿಗೆ, ಶಿಕ್ಷಕರಿಗೆ. ಒಬ್ಬರು ನನ್ನ ಹಾಗೆ "ಹೋಗು" ಎಂದರೆ ಇನ್ನೊಬ್ಬರ ಹತ್ತಿರ ಹೋಗಿ. ಯಾರೂ ಸಿಗದಿದ್ದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳಿಗಾಗಿಯೇ ಇರುವ ಸಹಾಯವಾಣಿ. ಮನಸ್ಸು ಕುಗ್ಗಿ ಬದುಕೇ ಬೇಡ ಅನ್ನಿಸಿದರೆ 14416, ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ.

ನಾಲ್ಕನೆಯದು ದೂರು. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಹೋಗುವ ಮೊದಲು ತಡೆಹಿಡಿಯಲು ಅವಕಾಶ ಇರುತ್ತದೆ. ಗಂಟೆ ಕಳೆದಷ್ಟೂ ಅವಕಾಶ ಕಡಿಮೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಬರೆಯಬಹುದು. ಮಹಿಳೆಯರು, ಮಕ್ಕಳ ಮೇಲಿನ ಅಪರಾಧವಾದರೆ ಹೆಸರು ಹೇಳದೆಯೂ ಅಲ್ಲಿ ತಿಳಿಸಲು ಬರುತ್ತದೆ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳಿವೆ. ಹತ್ತಿರದ ಠಾಣೆಗೂ ಹೋಗಬಹುದು.

ಐದನೆಯದು ಬಹಳ ಜನರಿಗೆ ಗೊತ್ತಿಲ್ಲ. 2023ರಲ್ಲಿ ಅಮೆರಿಕದ ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಶುರುಮಾಡಿತು. ಹದಿನೆಂಟು ತುಂಬುವ ಮೊದಲು ತೆಗೆದ ಇಂಥ ಚಿತ್ರ ಇದ್ದವರು ಯಾವ ದೇಶದಿಂದಾದರೂ ಬಳಸಬಹುದು. ಚಿತ್ರವನ್ನು ಅವರಿಗೆ ಕಳಿಸಬೇಕಿಲ್ಲ, ಅದು ನಿಮ್ಮ ಫೋನಿನಲ್ಲೇ ಇರುತ್ತದೆ. ಅದರಿಂದ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ತಯಾರಾಗಿ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾಗಿ ಅದರಲ್ಲಿ ಸೇರಿರುವ ಕಂಪನಿಗಳು ಆ ಸಂಖ್ಯೆಗೆ ಹೊಂದುವ ಚಿತ್ರ ಕಂಡರೆ ತೆಗೆದುಹಾಕಬಹುದು. ವಾಟ್ಸ್‌ಆಪ್‌ನಂಥ ಗುಪ್ತ ಸಂದೇಶಗಳ ಒಳಗೆ ಇದು ನಡೆಯುವುದಿಲ್ಲ, ಅಷ್ಟು ಮಿತಿ ಇದೆ. ಹದಿನೆಂಟು ದಾಟಿದವರಿಗೆ ಇಂಥದ್ದೇ 'ಸ್ಟಾಪ್ ಎನ್‌ಸಿಐಐ' ಎಂಬುದಿದೆ.

ಈಗ ಹೆಣ್ಣುಮಕ್ಕಳ ವಿಷಯ. ಇದನ್ನು ಹೇಳುವಾಗ ನನಗೆ ದನಿ ಸ್ವಲ್ಪ ಗಟ್ಟಿಯಾದರೆ ಕ್ಷಮಿಸಬೇಕು.

ನನ್ನ ಇನ್ನೊಬ್ಬ ವಿದ್ಯಾರ್ಥಿನಿ. ಆಗ ಪಿಯುಸಿ ಮೊದಲ ವರ್ಷ. ಅವಳು ಯಾರಿಗೂ ಏನನ್ನೂ ಕಳಿಸಿರಲಿಲ್ಲ. ಜಾತ್ರೆಯಲ್ಲಿ ಸೀರೆ ಉಟ್ಟು ಅಕ್ಕತಂಗಿಯರ ಜೊತೆ ತೆಗೆಸಿಕೊಂಡ ಫೋಟೊವನ್ನು ವಾಟ್ಸ್‌ಆಪ್‌ನಲ್ಲಿ ಹಾಕಿದ್ದಳು, ಅಷ್ಟೇ. ಯಾರೋ ಅದರಿಂದ ಅವಳ ಮುಖ ತೆಗೆದು ಬೇರೆ ಮೈಗೆ ಅಂಟಿಸಿ ಊರಿನ ಹುಡುಗರ ಗುಂಪಿನಲ್ಲಿ ಬಿಟ್ಟರು. ಈಗ ಕೃತಕ ಬುದ್ಧಿಮತ್ತೆಯ ಆಪ್‌ಗಳು ಬಂದು ಈ ಹೊಲಸು ಕೆಲಸಕ್ಕೆ ಜಾಣತನವೂ ಬೇಕಿಲ್ಲ, ನಿಮಿಷದ ಕೆಲಸ. ಮನೆಯಲ್ಲಿ ಏನಾಯಿತು? ಅವಳ ಫೋನ್ ಕಸಿದುಕೊಂಡರು. ಕಾಲೇಜು ಬಿಡಿಸಿದರು. "ಇನ್ನ ಮನ್ಯಾಗ ಇಟ್ಕೊಂಡ್ರ ಮರ್ಯಾದಿ ಉಳಿಯೂದಿಲ್ಲ" ಎಂದು ಗಂಡು ನೋಡತೊಡಗಿದರು. ಹದಿನೇಳು ವರ್ಷ ಅವಳಿಗೆ. ನಾವು ನಾಲ್ಕು ಜನ ಶಿಕ್ಷಕರು ಹೋಗಿ ಕೂತು, ಹದಿನೆಂಟು ತುಂಬದೆ ಮದುವೆ ಮಾಡಿದರೆ ಅದೇ ಅಪರಾಧ ಎಂದು ತಿಳಿಹೇಳಿ ಮದುವೆ ನಿಲ್ಲಿಸಿದೆವು. ಕಾಲೇಜಿಗೆ ಮರಳಿ ಸೇರಿಸಲು ನಮ್ಮಿಂದ ಆಗಲಿಲ್ಲ. ಆ ಚಿತ್ರ ಮಾಡಿದ ಹುಡುಗ ಪರೀಕ್ಷೆ ಬರೆದ. ಚಿತ್ರಕ್ಕೆ ಬಲಿಯಾದ ಹುಡುಗಿ ಬರೆಯಲಿಲ್ಲ.

ನಾವು ವೇದಿಕೆಯ ಮೇಲೆ ಅನುಭವ ಮಂಟಪದ ಮಾತು ಆಡುತ್ತೇವೆ. ಹೆಣ್ಣು ಗಂಡು ಎನ್ನದೆ, ಯಾವ ಕಾಯಕದವರು ಎಂದು ನೋಡದೆ, ಎಲ್ಲರೂ ಕೂತು ತಮ್ಮ ಅನುಭವ ಹೇಳಿಕೊಂಡ ಜಾಗ ಎಂದು ಹೆಮ್ಮೆಪಡುತ್ತೇವೆ. ನಮ್ಮ ಮನೆಯ ಪಡಸಾಲೆಯಲ್ಲಿ ಹದಿನೇಳರ ಮಗಳಿಗೆ ಕೂತು ತನ್ನ ಅನುಭವ ಹೇಳಿಕೊಳ್ಳಲು ಜಾಗ ಇದೆಯೇ? ಆ ಹುಡುಗಿಯ ಮನೆಯವರೂ ಬಸವ ಜಯಂತಿಗೆ ತಪ್ಪದೆ ಬರುವವರು, ನನ್ನ ಹಾಗೆ, ನಿಮ್ಮ ಹಾಗೆ. ಅವರು ಕೆಟ್ಟವರಲ್ಲ. ಹೆದರಿದರು. ಹೆದರಿದಾಗ ನಮ್ಮೊಳಗಿನ ಹಳೆಯ ನ್ಯಾಯ ಎದ್ದು ಬರುತ್ತದೆ, ತಪ್ಪು ಯಾರದಾದರೂ ಶಿಕ್ಷೆ ಹೆಣ್ಣಿಗೆ ಎಂಬ ನ್ಯಾಯ.

ಕಾನೂನು ಏನು ಹೇಳುತ್ತದೆ ನೋಡಿ. 2012ರ ಪೋಕ್ಸೊ ಕಾಯ್ದೆಯ 11ನೆಯ ಕಲಮು, ಹದಿನೆಂಟು ವರ್ಷದೊಳಗಿನ ಮಗುವಿನ ಮೈಯ ಚಿತ್ರವನ್ನು ಹರಡುತ್ತೇನೆ ಎಂದು ಲೈಂಗಿಕ ಉದ್ದೇಶದಿಂದ ಬೆದರಿಸುವುದನ್ನೇ ಅಪರಾಧ ಎನ್ನುತ್ತದೆ. ಆ ಚಿತ್ರ ನಿಜವಾಗಿರಲಿ, ಕೃತಕವಾಗಿ ತಯಾರಿಸಿದ್ದಾಗಿರಲಿ ಎಂದು ಅಲ್ಲೇ ಬರೆದಿದೆ. ಮೂರು ವರ್ಷದವರೆಗೆ ಶಿಕ್ಷೆ ಇದೆ. ಈ ಕಾಯ್ದೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಬರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ಶಾಲೆ, ಊರು ಯಾವುದನ್ನೂ ಪತ್ರಿಕೆ, ಟಿವಿಯವರು ಹೊರಹಾಕುವಂತಿಲ್ಲ. "ಠಾಣೆಗೆ ಹೋದರೆ ಊರೆಲ್ಲ ಆಗುತ್ತದೆ" ಎಂಬ ಹೆದರಿಕೆ ಇದ್ದವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಠಾಣೆಯಲ್ಲಿ ಹೀಗೆ ನಡೆದುಕೊಳ್ಳದಿದ್ದರೆ "ಕಾನೂನು ಹೀಗಿದೆ" ಎಂದು ಕೇಳುವ ಹಕ್ಕು ನಮಗಿದೆ.

ಇಲ್ಲಿ ಮಠದ ಆಡಳಿತದವರೂ ಕುಳಿತಿದ್ದೀರಿ. ಪೂಜ್ಯರ ಎದುರಿಗೇ ವಿನಯದಿಂದ ಒಂದು ಮಾತು ಹೇಳುತ್ತೇನೆ. ಇಂಥ ಅಪರಾಧ ನಡೆದದ್ದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ ಪ್ರಕಾರ ಎಲ್ಲರ ಕರ್ತವ್ಯ. ತಿಳಿಸದೆ ಮುಚ್ಚಿಟ್ಟರೆ ಮುಚ್ಚಿಟ್ಟವರಿಗೆ ಶಿಕ್ಷೆ ಇದೆ. ಶಾಲೆಯ ಹೆಸರು, ನಿಲಯದ ಹೆಸರು, ಮಠದ ಹೆಸರು ಎಂದು ನಾವು ಯೋಚಿಸುತ್ತೇವೆ. ಮಕ್ಕಳನ್ನು ಕಾಪಾಡಿದ ನಿಲಯ ಎಂಬುದಕ್ಕಿಂತ ದೊಡ್ಡ ಹೆಸರು ಒಂದು ನಿಲಯಕ್ಕೆ ಬೇಕೇ?

ಗಂಡುಮಕ್ಕಳೇ, ನಿಮಗೆ ಬೇರೆಯಾಗಿ ಒಂದು ಮಾತು. ಆ ಹುಡುಗಿಯ ಚಿತ್ರ ಮಾಡಿದವನು ಒಬ್ಬ. ಅದನ್ನು ಮುಂದೆ ಕಳಿಸಿದವರು ಎಷ್ಟೋ ಜನ. ಒಳ್ಳೆಯ ಮನೆತನದ, ನನ್ನ ಕೈಯಲ್ಲೇ ಕಲಿತ ಹುಡುಗರು. "ನಾವೇನ್ ಮಾಡಿಲ್ರೀ, ಬಂದದ್ದನ್ನ ಫಾರ್ವರ್ಡ್ ಮಾಡೀವಿ ಅಷ್ಟ" ಎಂದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಹದಿನೆಂಟರೊಳಗಿನವರ ಅಶ್ಲೀಲ ಚಿತ್ರ ಹರಡಿದವರಿಗೆ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅಂಥದ್ದನ್ನು ಅಳಿಸದೆ, ತಿಳಿಸದೆ ಇಟ್ಟುಕೊಳ್ಳುವುದೂ ಅಪರಾಧವಾಗುತ್ತದೆ ಎಂದು ಸ್ಪಷ್ಟಪಡಿಸಿದೆ. ಆದರೆ ಕಾನೂನಿಗೆ ಹೆದರಿ ಮಾತ್ರ ಬಿಡಬೇಡಿ. ಗುಂಪಿನಲ್ಲಿ ಅಂಥ ಚಿತ್ರ ಬಂದಾಗ "ಇದು ತಪ್ಪು, ತೆಗಿ" ಎಂದು ಒಬ್ಬ ಹುಡುಗ ಬರೆದರೆ ಸಾಕು, ಇನ್ನು ನಾಲ್ವರಿಗೆ ಧೈರ್ಯ ಬರುತ್ತದೆ. ಆ ಒಬ್ಬ ನೀವಾಗಿ. ಚಿತ್ರ ಬಂದ ವಿಷಯವನ್ನು ಒಬ್ಬ ಹಿರಿಯರಿಗೂ ತಿಳಿಸಿ.

ಇನ್ನು ಕೆಲವನ್ನು ಚುಟುಕಾಗಿ ಹೇಳುತ್ತೇನೆ. ಒಂದು, ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಯಾರಿಗೂ ಬಾಡಿಗೆಗೆ ಕೊಡಬೇಡಿ. "ವಿದ್ಯಾರ್ಥಿವೇತನಕ್ಕೆ ತೆಗೆದ ಖಾತೆ ಸುಮ್ಮನೆ ಇದೆಯಲ್ಲ, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಕಾಲೇಜು ಹುಡುಗರನ್ನು ಹುಡುಕಿಕೊಂಡು ಬರುತ್ತಾರೆ. ಮೋಸದ ಹಣ ಹಾಯ್ದುಹೋಗುವುದು ಇಂಥ ಖಾತೆಗಳಿಂದಲೇ. ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವರ ಮನೆಗೆ. ಎರಡು, ಫೋನಿಗೆ ಬಂದ ಒಟಿಪಿ ಸಂಖ್ಯೆಯನ್ನು ಗೆಳೆಯನ ನಂಬರಿನಿಂದ ಕೇಳಿದರೂ ಕೊಡಬೇಡಿ, ಗೆಳೆಯನ ವಾಟ್ಸ್‌ಆಪ್ ಅನ್ನೇ ಕದ್ದು ಕೇಳುತ್ತಿರಬಹುದು. ವಾಟ್ಸ್‌ಆಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಕೊಳ್ಳಿ. ಮೂರು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರಲ್ಲಿ ಬಂದಿದೆ. ಈಗಲೂ ಯಾರಾದರೂ ಲಿಂಕ್ ಕಳಿಸಿ "ಆಡು, ಗೆಲ್ಲು" ಎಂದರೆ ಅದು ಕಾನೂನಿನ ಹೊರಗಿನ ದಂಧೆ. ನಾಲ್ಕು, ಖಾತೆ ತೆರೆಯುವಾಗ ವಯಸ್ಸು ಸುಳ್ಳು ಹೇಳಬೇಡಿ. ಇನ್‌ಸ್ಟಾಗ್ರಾಮ್ 2024ರಿಂದ ಹದಿಹರೆಯದವರ ಖಾತೆಯನ್ನು ತಾನಾಗಿಯೇ ಖಾಸಗಿ ಮಾಡಿ, ಅಪರಿಚಿತರ ಸಂದೇಶ ತಡೆಯುವ ವ್ಯವಸ್ಥೆ ತಂದಿದೆ. ಹದಿನಾರರೊಳಗಿನವರು ಅದನ್ನು ಸಡಿಲಿಸಲು ಪಾಲಕರ ಒಪ್ಪಿಗೆ ಬೇಕು. ಇಪ್ಪತ್ತೊಂದು ವರ್ಷ ಎಂದು ಬರೆದ ಹದಿನಾಲ್ಕರ ಮಗುವಿಗೆ ಆ ಬೇಲಿಯೇ ಸಿಗುವುದಿಲ್ಲ.

ಕೊನೆಗೆ ನಮ್ಮ ಮಾತು, ದೊಡ್ಡವರದು. ನಾವು ಬರೀ ಮಕ್ಕಳಿಗೆ ಹೇಳಿ ಎದ್ದುಹೋದರೆ ಅನ್ಯಾಯವಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಗಳ ಅಂಕಪಟ್ಟಿಯನ್ನು ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ ಸಹಿತ ಎಲ್ಲ ಗುಂಪುಗಳಿಗೆ ಹಾಕುವವರು ಯಾರು? ನಾವೇ. ಲಿಂಗದೀಕ್ಷೆಯ ಸಮಾರಂಭದಲ್ಲಿ ಮಕ್ಕಳ ಹೆಸರು, ಶಾಲೆ, ತಂದೆಯ ಮೊಬೈಲ್ ನಂಬರ್ ಸಹಿತ ಪಟ್ಟಿಯ ಫೋಟೊ ತೆಗೆದು ಮುನ್ನೂರು ಜನರ ಗುಂಪಿಗೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಮೋಸಗಾರನಿಗೆ ಇನ್ನೇನು ಬೇಕು? ಮಕ್ಕಳ ಫೋಟೊ ಹಾಕುವ ಮೊದಲು ಅವರನ್ನೊಂದು ಮಾತು ಕೇಳಿ. ಅದರಿಂದ ಅವರೂ ಕೇಳಿ ಹಾಕುವುದನ್ನು ಕಲಿಯುತ್ತಾರೆ.

ರಾತ್ರಿ ಮಲಗುವಾಗ ಮನೆಯ ಎಲ್ಲ ಫೋನುಗಳೂ ಪಡಸಾಲೆಯಲ್ಲಿ ಒಂದು ಕಡೆ ಚಾರ್ಜಿಗೆ ಇರಲಿ. ಎಲ್ಲ ಎಂದರೆ ಅಪ್ಪನದೂ. ಮಕ್ಕಳದನ್ನು ಮಾತ್ರ ಕಿತ್ತುಕೊಂಡು ನಾವು ಹಾಸಿಗೆಯಲ್ಲಿ ರೀಲ್ಸ್ ನೋಡುತ್ತ ಮಲಗಿದರೆ ಅದು ಆಚಾರವಲ್ಲ. ವಾರಕ್ಕೊಮ್ಮೆ ಮಗನ ಪಕ್ಕ ಕುಳಿತು "ನೀ ಏನ್ ನೋಡ್ತಿ ನನಗೂ ತೋರಸು" ಎನ್ನಿ. ತಪ್ಪು ಹುಡುಕಲು ಬೇಡ, ಅವನ ಲೋಕ ತಿಳಿಯಲು. ಗೊತ್ತಿಲ್ಲದ್ದನ್ನು ಅವನಿಂದ ಕಲಿಯಿರಿ. ನಿಮಗೆ ಕಲಿಸಿದ ಮಗ ನಿಮಗೆ ಹೇಳಿಕೊಳ್ಳುತ್ತಾನೆ.

ಮತ್ತೆ ಆ ಹುಡುಗನ ಮನೆಗೆ ಬರುತ್ತೇನೆ. ಅವನ ಅಕ್ಕನ ಜೊತೆ ಅಂದೇ ಅವರ ಊರಿಗೆ ಹೋದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಅಕ್ಕ ನಡೆದದ್ದನ್ನೆಲ್ಲ ಅಪ್ಪ ಅವ್ವನ ಮುಂದೆ ಹೇಳಿದಳು. ಅವರಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. ಅವರವ್ವ ಓದಿದವರಲ್ಲ, ಹೆಬ್ಬೆಟ್ಟು ಒತ್ತುವವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ರೊಟ್ಟಿ ಪಲ್ಯದ ತಾಟು ತಂದು ಮಗನ ಪಕ್ಕ ಕೂತರು. ಬೆನ್ನ ಮೇಲೆ ಕೈ ಇಟ್ಟು, "ಇಷ್ಟ ಏನಪಾ? ಇಷ್ಟಕ್ಕ ಒಬ್ಬನ ಸಾಯಾಕತ್ತಿದ್ದೇನು? ರೊಕ್ಕ ದುಡದ್ರ ಬರ್ತಾವ. ಏಳು, ಮೊದಲ ಉಣ್ಣು" ಎಂದರು. ಹುಡುಗ ಹೊರಳಿ ಅವ್ವನ ತೊಡೆಯ ಮೇಲೆ ತಲೆ ಇಟ್ಟು ಅತ್ತ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಬಾರದ ಮಾತು ಆ ತಾಯಿಗೆ ಬಂತು.

ಮರುದಿನ ಅಪ್ಪನೇ ಅವನನ್ನು ಕರೆದುಕೊಂಡು ಸಿಇಎನ್ ಠಾಣೆಗೆ ಹೋದರು, ನಾನೂ ಜೊತೆಗಿದ್ದೆ. ದೂರು ದಾಖಲಾಯಿತು. ಹೋದ ಹಣ ಬರಲಿಲ್ಲ, ತಡವಾಗಿತ್ತು. ಆ ಮೋಸಗಾರ ಹೇಳಿದಂತೆ ಚಿತ್ರ ಒಬ್ಬ ಸಂಬಂಧಿಗೆ ಹೋಯಿತು. ಅವರು ಅದನ್ನು ಅಳಿಸಿ, ಅಪ್ಪನಿಗೆ ಕರೆ ಮಾಡಿ "ಹುಡುಗನ ಜ್ವಾಕಿ" ಎಂದರು, ಅಷ್ಟೇ. ಉತ್ತರ ಬಾರದ ಮೇಲೆ ಬೆದರಿಕೆಯೂ ವಾರದೊಳಗೆ ನಿಂತಿತು. ಇಡೀ ಊರು ಉರಿದುಹೋಗುತ್ತದೆ ಎಂದು ಆ ಮಗು ಮೂರು ವಾರ ನಿದ್ದೆಗೆಟ್ಟಿದ್ದು ಇದಕ್ಕೆ. ಸಂಘದ ಹಣವನ್ನು ಅವರವ್ವ ಕಂತಿನಲ್ಲಿ ತುಂಬಿದರು, ಸಂಘದ ಹೆಣ್ಣುಮಕ್ಕಳು ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಹುಡುಗ ಆ ವರ್ಷ ಗಣಿತದಲ್ಲಿ ಫೇಲಾದ. ಪೂರಕ ಪರೀಕ್ಷೆಗೆ ನಮ್ಮ ಮನೆಗೇ ಬಂದು ಓದಿ ಪಾಸಾದ. ಈಗ ಐಟಿಐ ಮುಗಿಸಿ ಕೆಲಸದಲ್ಲಿದ್ದಾನೆ.

ಒಮ್ಮೆ ಅವನನ್ನು ಕೇಳಿದೆ, "ಅವತ್ತ ನಾ ಹೋಗು ಅಂದ ಮ್ಯಾಲೆ ಬ್ಯಾರೆ ಯಾರಿಗಾದ್ರೂ ಹೇಳಬೇಕು ಅನ್ನಿಸ್ಲಿಲ್ಲೇನಪಾ?" ಎಂದು. "ನೀವ ಭಾಳ ಚೊಲೋ ಅಕ್ಕೋರು ಅಂತ ನಿಮ್ಮ ಕಡೆ ಮೊದಲ ಬಂದಿದ್ನಿರಿ. ನೀವ ಹಂಗಂದ ಮ್ಯಾಲೆ ಇನ್ಯಾರ ಕಡೆ ಹೋಗ್ಲಿರಿ?" ಎಂದ.

ಈ ಮಾತು ನನ್ನ ಜೊತೆ ಇರುತ್ತದೆ. ಇಲ್ಲಿ ಕುಳಿತಿರುವ ಒಂದೊಂದು ಮಗುವಿನ ಮನಸ್ಸಿನಲ್ಲೂ ಹಾಗೆ ಮೊದಲು ಹೋಗಬೇಕಾದ ಒಬ್ಬರ ಹೆಸರು ಇರುತ್ತದೆ. ಅದು ನಿಮ್ಮ ಹೆಸರೇ ಇರಬಹುದು. ಇವತ್ತು ಪ್ರಸಾದ ಮಾಡಿ ಊರಿಗೆ ಹೋಗುವ ಮೊದಲು ನಿಮ್ಮ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿಹೋಗಿ: "ಏನ ಆದ್ರೂ ನನಗ ಹೇಳು, ನಾ ಮೊದಲ ಬೈಯೂದಿಲ್ಲ, ಮೊದಲ ಕೇಳ್ತೀನಿ." ಹೇಳಿದ ಮೇಲೆ ಅದರಂತೆ ನಡೆದುಕೊಳ್ಳಿ.